ಮೊಬೈಲ್ ಸಂಖ್ಯೆಯಿಂದ ಸ್ಥಳ ಪತ್ತೆ: ಉಚಿತ ಜಾಲತಾಣಗಳ ನೈಜತೆ ಹಾಗೂ ದೂರವಾಣಿ ಕಳೆದುಹೋದಲ್ಲಿ ಅನುಸರಿಸಬೇಕಾದ ಕ್ರಮ

ಪೀಠಿಕೆ

ಮೊಬೈಲ್ ದೂರವಾಣಿಯು ಕಳೆದುಹೋದಾಗ ಅಥವಾ ಕಳವಾದಾಗ, ಮನೆಯ ಸದಸ್ಯರೊಬ್ಬರು ನಿರೀಕ್ಷಿತ ವೇಳೆಗೆ ಹಿಂದಿರುಗದಿದ್ದಾಗ, ಅಥವಾ ಅಪರಿಚಿತ ಸಂಖ್ಯೆಯಿಂದ ಪದೇ ಪದೇ ಕರೆಗಳು ಬರುತ್ತಿದ್ದಾಗ ಸಾರ್ವಜನಿಕರಲ್ಲಿ ಅನೇಕರು ಅಂತರಜಾಲದಲ್ಲಿ ಉಚಿತ ಸ್ಥಳ ಪತ್ತೆ ಜಾಲತಾಣಗಳನ್ನು ಹುಡುಕುವುದುಂಟು. ಹತ್ತು ಅಂಕಿಗಳ ಸಂಖ್ಯೆಯನ್ನು ನಮೂದಿಸಿದ ಕೂಡಲೇ ಆ ದೂರವಾಣಿಯು ಇರುವ ಸ್ಥಳವನ್ನು ನಕ್ಷೆಯ ಮೇಲೆ ತೋರಿಸುವುದಾಗಿ ಇಂತಹ ಜಾಲತಾಣಗಳು ಪ್ರಚಾರ ಮಾಡುತ್ತವೆ.

ಕೇವಲ ಮೊಬೈಲ್ ಸಂಖ್ಯೆಯನ್ನು ಪಡೆದು, ದೂರವಾಣಿಯು ಪ್ರಸ್ತುತ ಇರುವ ಸ್ಥಳವನ್ನು ತಿಳಿಸಲು ಈ ಜಾಲತಾಣಗಳಿಗೆ ಸಾಧ್ಯವಿರುವುದಿಲ್ಲ. ಇದಕ್ಕೆ ಕಾರಣಗಳನ್ನು, ಇವುಗಳಿಂದ ಆಗಬಹುದಾದ ನಷ್ಟವನ್ನು ಹಾಗೂ ಸಾರ್ವಜನಿಕರಿಗೆ ಶುಲ್ಕವಿಲ್ಲದೆ ಲಭ್ಯವಿರುವ ಅಧಿಕೃತ ಸೌಲಭ್ಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಸ್ಥಳದ ಮಾಹಿತಿಯು ಯಾರ ಬಳಿ ಇರುತ್ತದೆ?

ಮೊಬೈಲ್ ಸಂಖ್ಯೆಯಲ್ಲಿ ಸ್ಥಳದ ಮಾಹಿತಿಯು ಅಡಕವಾಗಿರುವುದಿಲ್ಲ. ಚಾಲನೆಯಲ್ಲಿರುವ ದೂರವಾಣಿಯ ಸ್ಥಳವನ್ನು ತಿಳಿಯಲು ಮುಖ್ಯವಾಗಿ ಮೂರು ಮೂಲಗಳಿವೆ.

(ಅ) ದೂರಸಂಪರ್ಕ ಸೇವಾ ಸಂಸ್ಥೆ: ದೂರವಾಣಿಯು ಯಾವ ಟವರ್‌ನ ವ್ಯಾಪ್ತಿಯಲ್ಲಿದೆ ಎಂಬುದು ಸೇವಾ ಸಂಸ್ಥೆಗೆ ತಿಳಿದಿರುತ್ತದೆ. ನಗರಗಳಲ್ಲಿ ಟವರ್‌ಗಳು ಒತ್ತಾಗಿರುವುದರಿಂದ ಈ ವ್ಯಾಪ್ತಿಯು ಕೆಲವು ನೂರು ಮೀಟರುಗಳಷ್ಟಿರಬಹುದು. ಗ್ರಾಮಾಂತರ ಪ್ರದೇಶಗಳಲ್ಲಿ ಹಲವು ಕಿಲೋಮೀಟರುಗಳಷ್ಟಿರಬಹುದು. ಈ ಮಾಹಿತಿಯನ್ನು ಸಂಸ್ಥೆಯು ಖಾಸಗಿ ವ್ಯಕ್ತಿಗಳಿಗೆ ನೀಡುವಂತಿಲ್ಲ.

(ಆ) ದೂರವಾಣಿ ಉಪಕರಣ: ಜಿ.ಪಿ.ಎಸ್. ಉಪಗ್ರಹಗಳು ಸಂಕೇತಗಳನ್ನು ಕಳುಹಿಸುತ್ತವೆಯೇ ಹೊರತು ದೂರವಾಣಿಯನ್ನು ಗಮನಿಸುವುದಿಲ್ಲ. ಆ ಸಂಕೇತಗಳನ್ನು ಸ್ವೀಕರಿಸಿ ತನ್ನ ಸ್ಥಾನವನ್ನು ಲೆಕ್ಕ ಹಾಕುವುದು ದೂರವಾಣಿಯೇ. ಆದುದರಿಂದ "ಉಪಗ್ರಹದೊಂದಿಗೆ ಸಂಪರ್ಕ ಸಾಧಿಸಲಾಗುತ್ತಿದೆ" ಎಂದು ಜಾಲತಾಣವು ತೋರಿಸುವ ದೃಶ್ಯಕ್ಕೆ ಯಾವುದೇ ಆಧಾರವಿರುವುದಿಲ್ಲ.

(ಇ) ಮಾಲೀಕರು ಅನುಮತಿ ನೀಡಿರುವ ಖಾತೆ ಅಥವಾ ಆ್ಯಪ್: ದೂರವಾಣಿಯು ಲೆಕ್ಕ ಹಾಕಿದ ಸ್ಥಾನವನ್ನು ಅಂತರಜಾಲದ ಮೂಲಕ ಪಡೆಯುವ ಗೂಗಲ್ ಅಥವಾ ಆ್ಯಪಲ್ ಖಾತೆ, ನಕ್ಷೆಯ ಆ್ಯಪ್ ಮುಂತಾದವು ಈ ವರ್ಗಕ್ಕೆ ಸೇರುತ್ತವೆ.

ಎಲ್ಲಿಯೋ ಇರುವ ಅಪರಿಚಿತ ಜಾಲತಾಣವೊಂದು ಈ ಮೂರರಲ್ಲಿ ಯಾವುದಕ್ಕೂ ಸೇರಿರುವುದಿಲ್ಲ. ಮಾಹಿತಿಯೇ ಇಲ್ಲದವರು ಮಾಹಿತಿ ನೀಡಲಾರರು.

2. ಹಾಗಾದರೆ ಈ ಜಾಲತಾಣಗಳು ತೋರಿಸುವುದೇನು?

ಸಂಖ್ಯೆಯನ್ನು ನಮೂದಿಸಿದಾಗ ಸಾಮಾನ್ಯವಾಗಿ ಸೇವಾ ಸಂಸ್ಥೆಯ ಹೆಸರು ಹಾಗೂ "ಕರ್ನಾಟಕ" ಎಂಬಂತಹ ರಾಜ್ಯದ ಹೆಸರು ಕಾಣಿಸುತ್ತದೆ. ಇದು ಸಂಖ್ಯೆಯ ಆರಂಭಿಕ ಅಂಕಿಗಳನ್ನು ಆಧರಿಸಿದ ವಿವರ. ಸಂಖ್ಯಾ ಶ್ರೇಣಿಗಳನ್ನು ಸೇವಾ ಸಂಸ್ಥೆ ಹಾಗೂ ದೂರಸಂಪರ್ಕ ವೃತ್ತದ ಪ್ರಕಾರ ಹಂಚಿಕೆ ಮಾಡಲಾಗಿರುವುದರಿಂದ, ಆ ಸಂಖ್ಯೆಯನ್ನು ಮೂಲತಃ ಎಲ್ಲಿ ನೀಡಲಾಗಿತ್ತು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಕರ್ನಾಟಕ ವೃತ್ತವು ಇಡೀ ರಾಜ್ಯವನ್ನು ಒಳಗೊಂಡಿದ್ದು, ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಜಿಲ್ಲೆಗಳಿಗೂ ಒಂದೇ ಉತ್ತರ ಬರುತ್ತದೆ.

ಈ ವಿವರವೂ ಸರಿಯಿರಬೇಕೆಂದಿಲ್ಲ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಸೇವಾ ಸಂಸ್ಥೆಯನ್ನು ಬದಲಾಯಿಸುವ ಸೌಲಭ್ಯವು ದೇಶಾದ್ಯಂತ 20-01-2011ರಿಂದ ಜಾರಿಗೆ ಬಂದಿದ್ದು, ವೃತ್ತದಿಂದ ವೃತ್ತಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವು 03-07-2015ರಿಂದ ದೊರೆತಿದೆ. ಉದಾಹರಣೆಗೆ, ಕಲಬುರಗಿಯಲ್ಲಿ ಪಡೆದ ಸಂಖ್ಯೆಯನ್ನು ಹೊಂದಿರುವವರು ಹಲವು ವರ್ಷಗಳಿಂದ ಪುಣೆಯಲ್ಲಿ ನೆಲೆಸಿ, ಬೇರೊಂದು ಸಂಸ್ಥೆಯ ಸೇವೆಯನ್ನು ಪಡೆಯುತ್ತಿರಬಹುದು. ಅಂತಹ ಸಂದರ್ಭದಲ್ಲಿ ಜಾಲತಾಣವು ತೋರಿಸುವ ರಾಜ್ಯ ಹಾಗೂ ಸಂಸ್ಥೆ ಎರಡೂ ತಪ್ಪಾಗಿರುತ್ತವೆ.

3. "ಉಚಿತ" ಸೇವೆಯ ನಿಜವಾದ ವೆಚ್ಚ

ಶುಲ್ಕವಿಲ್ಲವೆಂದು ಹೇಳುವ ಜಾಲತಾಣಗಳು ಬೇರೆ ರೀತಿಯಲ್ಲಿ ಲಾಭ ಪಡೆಯುತ್ತವೆ. ಸಾಮಾನ್ಯವಾಗಿ ಕಂಡುಬರುವ ವಿಧಾನಗಳು ಈ ಕೆಳಕಂಡಂತಿವೆ.

(ಅ) ಜಾಹೀರಾತುಗಳನ್ನು ಹಾಗೂ ಸಮೀಕ್ಷಾ ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ತೋರಿಸಿ, ಕೊನೆಗೆ ಫಲಿತಾಂಶ ನೀಡದಿರುವುದು.
(ಆ) ಮಸುಕಾದ ನಕ್ಷೆಯನ್ನು ತೋರಿಸಿ, ಸ್ಪಷ್ಟ ವಿವರಕ್ಕಾಗಿ ಅಲ್ಪ ಮೊತ್ತ ಪಾವತಿಸುವಂತೆ ಕೇಳುವುದು. ತದನಂತರ ಕಾರ್ಡ್‌ನಿಂದ ಪ್ರತಿ ತಿಂಗಳು ಹಣ ಕಡಿತ ಮಾಡುವುದು.
(ಇ) ನಮೂದಿಸಿದ ಸಂಖ್ಯೆಗಳನ್ನು ಸಂಗ್ರಹಿಸಿ ಇತರರಿಗೆ ಮಾರಾಟ ಮಾಡುವುದು.
(ಈ) ಆ್ಯಪ್ ಅಳವಡಿಸಿಕೊಳ್ಳುವಂತೆ ಸೂಚಿಸಿ, ಸಂದೇಶಗಳನ್ನು ಓದುವ ಅನುಮತಿ ಪಡೆಯುವುದು. ಬ್ಯಾಂಕಿನ ಓ.ಟಿ.ಪಿ. ಸಂದೇಶ ರೂಪದಲ್ಲಿ ಬರುವುದರಿಂದ ಈ ಅನುಮತಿಯು ಅತ್ಯಂತ ಅಪಾಯಕಾರಿಯಾದದ್ದು.

ಇವೆಲ್ಲಕ್ಕಿಂತ ಹೆಚ್ಚಿನ ನಷ್ಟವೆಂದರೆ ಸಮಯದ ನಷ್ಟ. ದೂರವಾಣಿ ಕಳವಾದ ಮೊದಲ ಕೆಲವು ಗಂಟೆಗಳಲ್ಲಿ ಸಿಮ್ ಸ್ಥಗಿತಗೊಳಿಸುವುದು ಹಾಗೂ ಬ್ಯಾಂಕಿಗೆ ತಿಳಿಸುವುದು ಅತ್ಯಗತ್ಯ. ಈ ಅವಧಿಯನ್ನು ಇಂತಹ ಜಾಲತಾಣಗಳಲ್ಲಿ ಕಳೆದಲ್ಲಿ, ದೂರವಾಣಿಯ ಜೊತೆಗೆ ಖಾತೆಯಲ್ಲಿರುವ ಹಣವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

4. ಹೊರದೇಶದ ಒಂದು ಪ್ರಕರಣ

ಅಮೆರಿಕ ದೇಶದಲ್ಲಿ ದೂರಸಂಪರ್ಕ ಸಂಸ್ಥೆಗಳು ಗ್ರಾಹಕರ ಸ್ಥಳದ ಮಾಹಿತಿಯನ್ನು ಮಧ್ಯವರ್ತಿ ಕಂಪನಿಗಳಿಗೆ ಒದಗಿಸುತ್ತಿದ್ದವು. ಅಂತಹ ಕಂಪನಿಗಳಲ್ಲೊಂದಾದ ಲೊಕೇಶನ್‌ಸ್ಮಾರ್ಟ್ ತನ್ನ ಜಾಲತಾಣದಲ್ಲಿ ಇಟ್ಟಿದ್ದ ಉಚಿತ ಪ್ರಾತ್ಯಕ್ಷಿಕೆಯ ಪುಟದಲ್ಲಿ, ದೂರವಾಣಿ ಮಾಲೀಕರ ಒಪ್ಪಿಗೆಯಿಲ್ಲದೆಯೇ ಸ್ಥಳವನ್ನು ತಿಳಿಯಬಹುದಾದ ದೋಷವಿರುವುದನ್ನು 2018ರ ಮೇ ತಿಂಗಳಿನಲ್ಲಿ ಸಂಶೋಧಕರೊಬ್ಬರು ಪತ್ತೆ ಹಚ್ಚಿದರು. ಸದರಿ ಪುಟವನ್ನು ಕೂಡಲೇ ಸ್ಥಗಿತಗೊಳಿಸಲಾಯಿತು. ಗ್ರಾಹಕರ ಸ್ಥಳದ ಮಾಹಿತಿಯನ್ನು ಹೀಗೆ ಹಂಚಿದ ಬಗ್ಗೆ 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗವು ಪ್ರಮುಖ ದೂರಸಂಪರ್ಕ ಸಂಸ್ಥೆಗಳಿಗೆ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ವಿಧಿಸಿ ಆದೇಶಿಸಿತು. ಸಂಸ್ಥೆಗಳು ಇದನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಿದವು. ಆ ಪುಟವು ಕೆಲಸ ಮಾಡಿದ್ದು ಸೇವಾ ಸಂಸ್ಥೆಗಳೇ ಮಾಹಿತಿ ನೀಡಿದ್ದರಿಂದ ಎಂಬುದನ್ನು ಗಮನಿಸಬೇಕು.

5. ಶುಲ್ಕವಿಲ್ಲದೆ ಕೆಲಸ ಮಾಡುವ ಸೌಲಭ್ಯಗಳು

ಆಂಡ್ರಾಯ್ಡ್ ದೂರವಾಣಿಗಳಿಗೆ ಗೂಗಲ್ ಸಂಸ್ಥೆಯ ಫೈಂಡ್ ಹಬ್ (2025ರವರೆಗೆ ಇದರ ಹೆಸರು ಫೈಂಡ್ ಮೈ ಡಿವೈಸ್ ಎಂದಿತ್ತು) ಹಾಗೂ ಐಫೋನ್‌ಗಳಿಗೆ ಆ್ಯಪಲ್ ಸಂಸ್ಥೆಯ ಫೈಂಡ್ ಮೈ ಸೌಲಭ್ಯಗಳಿವೆ. ಮತ್ತೊಂದು ದೂರವಾಣಿ ಅಥವಾ ಗಣಕಯಂತ್ರದಿಂದ ಮಾಲೀಕರು ತಮ್ಮ ಖಾತೆಗೆ ಪ್ರವೇಶಿಸಿ, ದೂರವಾಣಿಯ ಸ್ಥಳವನ್ನು ನೋಡಬಹುದು, ಗಂಟೆ ಬಾರಿಸಬಹುದು, ಬೀಗ ಹಾಕಬಹುದು ಅಥವಾ ಅದರಲ್ಲಿರುವ ಮಾಹಿತಿಯನ್ನು ಅಳಿಸಬಹುದು. ಇದಕ್ಕಾಗಿ ದೂರವಾಣಿಯು ಕಳೆದುಹೋಗುವ ಮೊದಲೇ ಅದರಲ್ಲಿ ಖಾತೆಯು ಸಕ್ರಿಯವಾಗಿರಬೇಕು ಹಾಗೂ ಸದರಿ ಸೌಲಭ್ಯವು ಚಾಲನೆಯಲ್ಲಿರಬೇಕು. ದೂರವಾಣಿಯನ್ನು ಆರಿಸಿದ್ದಲ್ಲಿ ಕೊನೆಯ ಬಾರಿ ದಾಖಲಾದ ಸ್ಥಳ ಮಾತ್ರ ಕಾಣಿಸುವ ಸಾಧ್ಯತೆಯಿದೆ. ಆಂಡ್ರಾಯ್ಡ್ ದೂರವಾಣಿಯ ಮಾಹಿತಿಯನ್ನು ಅಳಿಸಿದ ನಂತರ ಈ ಸೌಲಭ್ಯದ ಮೂಲಕ ಸ್ಥಳವನ್ನು ನೋಡಲು ಬರುವುದಿಲ್ಲವಾದ್ದರಿಂದ, ಅಳಿಸುವುದನ್ನು ಕೊನೆಯ ಕ್ರಮವಾಗಿ ಪರಿಗಣಿಸತಕ್ಕದ್ದು.

ಸ್ಥಳವು ನಕ್ಷೆಯಲ್ಲಿ ಕಂಡುಬಂದರೂ ಸಾರ್ವಜನಿಕರು ಸ್ವತಃ ಅಲ್ಲಿಗೆ ತೆರಳದೆ, ಆ ವಿವರವನ್ನು ಪೊಲೀಸರಿಗೆ ಒದಗಿಸುವುದು ಸುರಕ್ಷಿತ.

6. ಕಾನೂನಿನ ಉಪಬಂಧಗಳು

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 24-08-2017ರಂದು ತೀರ್ಪು ನೀಡಿದೆ. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪೊಲೀಸರು ಸಹ ತನಿಖೆಗಾಗಿ ಸೇವಾ ಸಂಸ್ಥೆಗಳಿಂದ ಮಾಹಿತಿಯನ್ನು ಕಾನೂನುಬದ್ಧ ಕೋರಿಕೆಯ ಮೂಲಕವೇ ಪಡೆಯಬೇಕಾಗುತ್ತದೆ.

ದೂರಸಂಪರ್ಕ ಅಧಿನಿಯಮ, 2023ರ ಕಲಂ 42ರ ಅನ್ವಯ, ಸೇವಾ ಸಂಸ್ಥೆಯ ಬಳಿಯಿರುವ ಕರೆ ವಿವರ ಮುಂತಾದ ದತ್ತಾಂಶಗಳನ್ನು ಅನಧಿಕೃತವಾಗಿ ಪಡೆಯುವುದು ಅಪರಾಧವಾಗಿದ್ದು, ಮೂರು ವರ್ಷಗಳವರೆಗೆ ಕಾರಾವಾಸ ಅಥವಾ ಎರಡು ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಬೇರೊಬ್ಬರ ದೂರವಾಣಿಯಲ್ಲಿ ಅವರಿಗೆ ತಿಳಿಯದಂತೆ ಗೂಢಚರ ಆ್ಯಪ್ ಅಳವಡಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಅನ್ವಯ ಶಿಕ್ಷಾರ್ಹವಾಗಬಹುದು. ಪತಿ, ಪತ್ನಿ ಅಥವಾ ಬಂಧುಗಳೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ದೊರೆಯುವುದಿಲ್ಲ.

7. ದೂರವಾಣಿ ಕಳೆದುಹೋದಲ್ಲಿ ಅನುಸರಿಸಬೇಕಾದ ಕ್ರಮ

ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಸಂಚಾರ್ ಸಾಥಿ ಜಾಲತಾಣವನ್ನು ಆರಂಭಿಸಿದ್ದು, ಅದರ ಮೂಲಕ ಸಿ.ಇ.ಐ.ಆರ್. ಎಂಬ ಕೇಂದ್ರೀಯ ಉಪಕರಣ ನೋಂದಣಿ ವ್ಯವಸ್ಥೆಯು ದೇಶಾದ್ಯಂತ ಲಭ್ಯವಿದೆ. ಇದರ ಮೊಬೈಲ್ ಆ್ಯಪ್ 2025ರ ಜನವರಿಯಲ್ಲಿ ಬಿಡುಗಡೆಯಾಗಿದೆ. ಈ ವ್ಯವಸ್ಥೆಯು ಪ್ರತಿ ಉಪಕರಣದ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯನ್ನು ಆಧರಿಸಿದ್ದು, ಸಿಮ್ ಬದಲಾಯಿಸಿದರೂ ಈ ಸಂಖ್ಯೆಯು ಬದಲಾಗುವುದಿಲ್ಲ. ಸಾರ್ವಜನಿಕರು ಈ ಕೆಳಕಂಡ ಕ್ರಮವನ್ನು ಅನುಸರಿಸುವುದು.

(1) ಮೇಲೆ ಕಂಡಿಕೆ 5ರಲ್ಲಿ ತಿಳಿಸಿರುವ ಸೌಲಭ್ಯದ ಮೂಲಕ ದೂರವಾಣಿಗೆ ಬೀಗ ಹಾಕುವುದು.
(2) ಸೇವಾ ಸಂಸ್ಥೆಗೆ ಕರೆ ಮಾಡಿ ಸಿಮ್ ಸ್ಥಗಿತಗೊಳಿಸುವುದು. ಬ್ಯಾಂಕಿಗೆ ತಿಳಿಸಿ ಯು.ಪಿ.ಐ. ಹಾಗೂ ಮೊಬೈಲ್ ಬ್ಯಾಂಕಿಂಗ್ ಸೇವೆಯನ್ನು ತಡೆಹಿಡಿಸುವುದು. ಖಾತೆಯಿಂದ ಹಣ ಕಡಿತವಾಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು.
(3) ಪೊಲೀಸರಲ್ಲಿ ದೂರು ದಾಖಲಿಸಿ ಅದರ ಪ್ರತಿ ಪಡೆಯುವುದು. ಕಳೆದುಹೋದ ವಸ್ತುಗಳ ಬಗ್ಗೆ ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯವಿದೆ. ಕಳವು ಅಥವಾ ಸುಲಿಗೆಯಾಗಿದ್ದಲ್ಲಿ ಠಾಣೆಯಲ್ಲಿ ದೂರು ನೀಡುವುದು.
(4) ಅದೇ ಸಂಖ್ಯೆಗೆ ನಕಲು ಸಿಮ್ ಪಡೆಯುವುದು. ಹೊಸದಾಗಿ ನೀಡಿದ ಸಿಮ್‌ನಲ್ಲಿ ಸಂದೇಶ ಸೌಲಭ್ಯವು 24 ಗಂಟೆಗಳ ನಂತರ ಆರಂಭವಾಗುವುದರಿಂದ ಓ.ಟಿ.ಪಿ. ಬಾರದಿದ್ದಲ್ಲಿ ಆತಂಕಪಡಬೇಕಿಲ್ಲ.
(5) ಸಂಚಾರ್ ಸಾಥಿಯಲ್ಲಿ ಕೋರಿಕೆ ಸಲ್ಲಿಸುವುದು. ದೂರಿನ ಪ್ರತಿ, ಖರೀದಿ ರಸೀದಿ ಹಾಗೂ ಗುರುತಿನ ದಾಖಲೆಯನ್ನು ಸಿದ್ಧವಿಟ್ಟುಕೊಳ್ಳತಕ್ಕದ್ದು. ಎರಡು ಸಿಮ್‌ಗಳ ದೂರವಾಣಿಯಾಗಿದ್ದಲ್ಲಿ ಎರಡೂ ಐ.ಎಂ.ಇ.ಐ. ಸಂಖ್ಯೆಗಳನ್ನು ನಮೂದಿಸತಕ್ಕದ್ದು.
(6) ಕೋರಿಕೆ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ದೂರವಾಣಿಯು ಮರಳಿ ದೊರೆತಾಗ ನಿರ್ಬಂಧ ತೆರವುಗೊಳಿಸಲು ಇದು ಅವಶ್ಯಕ.

ಕೋರಿಕೆ ಸಲ್ಲಿಸಿದ 24 ಗಂಟೆಗಳೊಳಗೆ ಉಪಕರಣವು ಭಾರತದ ಯಾವುದೇ ಜಾಲದಲ್ಲಿ ಬಳಕೆಯಾಗದಂತೆ ನಿರ್ಬಂಧಿಸಲ್ಪಡುತ್ತದೆ. ತದನಂತರ ಯಾರಾದರೂ ಅದರಲ್ಲಿ ಸಿಮ್ ಹಾಕಿದಲ್ಲಿ ಆ ವಿವರವು ಪೊಲೀಸರಿಗೆ ತಲುಪುತ್ತದೆ. ಈ ವ್ಯವಸ್ಥೆಯು ಮಾಲೀಕರಿಗೆ ನಕ್ಷೆಯನ್ನು ತೋರಿಸುವುದಿಲ್ಲ. ಬಿಡಿಭಾಗಗಳಾಗಿ ಕಳಚಿದ ಅಥವಾ ಹೊರದೇಶಕ್ಕೆ ಸಾಗಿಸಿದ ದೂರವಾಣಿಯು ಇದರಿಂದ ದೊರೆಯದಿರಬಹುದು.

ದೂರವಾಣಿ ಕಳೆದ ಕೆಲವು ದಿನಗಳ ನಂತರ "ನಿಮ್ಮ ದೂರವಾಣಿ ಪತ್ತೆಯಾಗಿದೆ, ಈ ಕೊಂಡಿಯನ್ನು ಒತ್ತಿರಿ" ಎಂಬ ಸಂದೇಶ ಬರಬಹುದು. ಬೀಗ ತೆರೆಯಲು ಬೇಕಾದ ಗುಪ್ತಪದವನ್ನು ಪಡೆಯಲು ದೂರವಾಣಿ ಕದ್ದವರೇ ಇಂತಹ ಸಂದೇಶ ಕಳುಹಿಸುವುದುಂಟು. ಕೊಂಡಿಯನ್ನು ತೆರೆಯಬಾರದು ಹಾಗೂ ಗುಪ್ತಪದವನ್ನು ನೀಡಬಾರದು.

8. ವ್ಯಕ್ತಿ ಕಾಣೆಯಾದ ಸಂದರ್ಭದಲ್ಲಿ

ಮಕ್ಕಳು, ವೃದ್ಧರು ಅಥವಾ ಇತರ ಯಾರೇ ಕಾಣೆಯಾದಲ್ಲಿ ಜಾಲತಾಣಗಳನ್ನು ಹುಡುಕುತ್ತಾ ಕಾಲಹರಣ ಮಾಡದೆ ಕೂಡಲೇ 112ಕ್ಕೆ ಕರೆ ಮಾಡುವುದು ಅಥವಾ ಹತ್ತಿರದ ಠಾಣೆಗೆ ತೆರಳುವುದು. ಮಕ್ಕಳ ವಿಷಯದಲ್ಲಿ 1098 ಸಹಾಯವಾಣಿಯೂ ಲಭ್ಯವಿದೆ. ಸೇವಾ ಸಂಸ್ಥೆಯಿಂದ ಟವರ್ ವಿವರವನ್ನು ಪಡೆಯುವ ಅಧಿಕಾರವು ಪೊಲೀಸರಿಗಿದೆ. ಕಾಣೆಯಾದವರ ದೂರವಾಣಿಯ ಬ್ಯಾಟರಿ ಮುಗಿಯುವ ಮೊದಲು ದೂರು ತಲುಪಿದಷ್ಟೂ ಈ ವಿವರವು ಹೆಚ್ಚು ಉಪಯುಕ್ತವಾಗುತ್ತದೆ.

9. ಸಾರ್ವಜನಿಕರಲ್ಲಿ ಕೋರಿಕೆ

ದೂರವಾಣಿಯಲ್ಲಿ *#06# ಒತ್ತಿದಲ್ಲಿ ಐ.ಎಂ.ಇ.ಐ. ಸಂಖ್ಯೆಯು ಪರದೆಯ ಮೇಲೆ ಕಾಣಿಸುತ್ತದೆ. ಅದನ್ನು ಈಗಲೇ ಕಾಗದದಲ್ಲಿ ಬರೆದು ಖರೀದಿ ರಸೀದಿಯೊಂದಿಗೆ ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ, ಫೈಂಡ್ ಹಬ್ ಅಥವಾ ಫೈಂಡ್ ಮೈ ಸೌಲಭ್ಯವು ಚಾಲನೆಯಲ್ಲಿರುವುದನ್ನು ಖಚಿತಪಡಿಸಿಕೊಳ್ಳುವಂತೆಯೂ, ಮನೆಯ ಹಿರಿಯರ ದೂರವಾಣಿಗಳಿಗೂ ಇದನ್ನು ಮಾಡಿಕೊಡುವಂತೆಯೂ ಸಾರ್ವಜನಿಕರಲ್ಲಿ ಕೋರಲಾಗಿದೆ.