ಮರದ ಮಾರುತ

ಜೋಗೇಶ್ವರಿಯಿಂದ ಚರ್ಚ್‌ಗೇಟ್ ಕಡೆಗೆ ಹೋಗುವ ಸ್ಲೋ ಲೋಕಲ್ ಹಿಡಿದು ಮಹಾಲಕ್ಷ್ಮಿಯಲ್ಲಿ ಇಳಿದರೆ ವರ್ಲಿಯ ನೆಹರು ವಿಜ್ಞಾನ ಕೇಂದ್ರ ದೂರವೇನಲ್ಲ. ಮಕ್ಕಳ ರಜೆಯಲ್ಲಿ ನಮ್ಮಲ್ಲಿ ಅನೇಕರು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದವರೇ. ಅಲ್ಲಿಯ ಹೊರಾಂಗಣದಲ್ಲಿ ಒಂದು ಹಳೆಯ ಯುದ್ಧವಿಮಾನ ನಿಂತಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾವು ಡಬ್ಬಿ ಬಿಚ್ಚಿ ತಿಂಡಿ ಕೊಡುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಆ ವಿಮಾನದ ಹೆಸರು ಎಚ್‌ಎಫ್-24 ಮಾರುತ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಈ ಲೋಹದ ಮಾರುತಕ್ಕಿಂತ ಎರಡು ವರ್ಷ ಮೊದಲು ಬೆಂಗಳೂರಿನ ಆಕಾಶದಲ್ಲಿ ಇನ್ನೊಂದು ಮಾರುತ ಹಾರಿತ್ತು. ಅದು ಮರದ್ದು. ಅದಕ್ಕೆ ಎಂಜಿನ್ನೇ ಇರಲಿಲ್ಲ. ಅದು ಒಂದು ಮಾದರಿ ಮಾತ್ರ, ಆದರೆ ಅಳತೆಯಲ್ಲಿ ನಿಜವಾದ ವಿಮಾನದಷ್ಟೇ ದೊಡ್ಡದು. ಮಾದರಿ ಎಂದರೆ ಶೋಕೇಸಿನಲ್ಲಿಡುವ ಆಟಿಕೆ ಎಂದು ನಾವು ತಿಳಿದಿರುತ್ತೇವೆ. ಒಂದು ದೇಶ ವಿಮಾನ ಕಟ್ಟಲು ಕಲಿತದ್ದೇ ಮಾದರಿಯೊಂದನ್ನು ಮಾಡಿ ಎಂಬ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕು ಅನ್ನಿಸಿತು, ಅದಕ್ಕೇ ಈ ಲೇಖನ.

ಮೊದಲು ಇಂದಿನ ಹವ್ಯಾಸದ ಮಾತು. ಹಳೆಯ ಯುದ್ಧವಿಮಾನಗಳ ದೊಡ್ಡ ಮಾದರಿಗಳನ್ನು ಕಟ್ಟಿ, ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವವರು ಲೋಕದ ಎಲ್ಲೆಡೆ ಇದ್ದಾರೆ. ನಿಜವಾದ ವಿಮಾನದ ಐದನೆಯ ಒಂದು ಪಾಲು, ನಾಲ್ಕನೆಯ ಒಂದು ಪಾಲು ಅಳತೆ ಅವರಿಗೆ ಸಾಮಾನ್ಯ. ಮಾರುತದ ಉದ್ದ ಸುಮಾರು 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಐದನೆಯ ಒಂದು ಪಾಲಿಗೆ ಇಳಿಸಿದರೂ ಮಾದರಿ ಮೂರು ಮೀಟರಿಗಿಂತ ಉದ್ದವಾಗುತ್ತದೆ. ನಮ್ಮ ಚಾಳಿನ ಕೋಣೆಗಳಲ್ಲಿ ಅದನ್ನು ಅಡ್ಡಲಾಗಿ ಇಡಲೂ ಜಾಗ ಸಾಲದು.

ಇಂಥ ಮಾದರಿಯ ಒಡಲು ಹಗುರವಾದ ಬಾಲ್ಸಾ ಮರ ಮತ್ತು ತೆಳು ಪ್ಲೈವುಡ್‌ನಿಂದ ಆಗುತ್ತದೆ. ಮೀನಿನ ಪಕ್ಕೆಲುಬಿನಂತೆ ಅಡ್ಡಪಟ್ಟಿಗಳನ್ನು ಜೋಡಿಸಿ, ಮೇಲೆ ತೆಳು ಹೊದಿಕೆ ಹಾಕಿ, ಗಾಜಿನ ನಾರಿನ ಬಟ್ಟೆಗೆ ರೆಸಿನ್ ಸವರಿ ಗಟ್ಟಿ ಮಾಡುತ್ತಾರೆ. ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸಲು ಸರ್ವೊ ಎಂಬ ಪುಟ್ಟ ಮೋಟರುಗಳಿರುತ್ತವೆ. ಜೆಟ್ ಮಾದರಿಗೆ ಸೀಮೆಎಣ್ಣೆಯಲ್ಲಿ ಉರಿಯುವ ಪುಟ್ಟ ಟರ್ಬೈನ್, ಇಲ್ಲವೇ ಬ್ಯಾಟರಿಯ ಫ್ಯಾನ್. ಎಲ್ಲ ಆದ ಮೇಲೆ ರೆಕ್ಕೆಯ ಅಡಿಯಲ್ಲಿ ಗುರುತು ಮಾಡಿದ ಜಾಗದಲ್ಲಿ ಎತ್ತಿ ಹಿಡಿದು ತೂಕದ ಸಮತೋಲ ನೋಡುತ್ತಾರೆ. ಬಾಲ ಭಾರವಾದರೆ ವಿಮಾನ ಏಳುತ್ತಲೇ ಕೈತಪ್ಪುತ್ತದೆ. ಆಗ ಮೂಗಿನಲ್ಲಿ ಸೀಸ ತುಂಬಬೇಕು.

ಇಲ್ಲಿ ಒಂದು ಲೆಕ್ಕವಿದೆ, ಅದು ನಮಗೆ ಅಡುಗೆಮನೆಯಲ್ಲೇ ಗೊತ್ತಿರುವ ಲೆಕ್ಕ. ಲಡ್ಡನ್ನು ಎರಡು ಪಟ್ಟು ಅಗಲವಾಗಿ ಕಟ್ಟಿದರೆ ಹಿಟ್ಟು ಎರಡು ಪಟ್ಟಲ್ಲ, ಎಂಟು ಪಟ್ಟು ಬೇಕು. ಆದರೆ ಅದರ ಹೊರಮೈ ನಾಲ್ಕೇ ಪಟ್ಟು. ವಿಮಾನಕ್ಕೂ ಹಾಗೆಯೇ. ಐದನೆಯ ಒಂದು ಪಾಲಿಗೆ ಇಳಿಸಿದಾಗ ರೆಕ್ಕೆಯ ವಿಸ್ತಾರ 25ರಲ್ಲಿ ಒಂದು ಪಾಲಾಗುತ್ತದೆ, ತೂಕ 125ರಲ್ಲಿ ಒಂದು ಪಾಲಾಗುತ್ತದೆ. ಹೀಗಾಗಿ ಮಾದರಿ ನಿಜವಾದ ವಿಮಾನಕ್ಕಿಂತ ಬಹಳ ನಿಧಾನವಾಗಿಯೂ ತೇಲಬಲ್ಲದು. ಆದರೆ ಸುತ್ತಲಿನ ಗಾಳಿ ಅದೇ ಗಾಳಿ. ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ ಸಣ್ಣ ಮಾದರಿ ಸೊಗಸಾಗಿ ಹಾರಿತು ಎಂದಮಾತ್ರಕ್ಕೆ ದೊಡ್ಡದೂ ಹಾಗೆಯೇ ಹಾರುತ್ತದೆಂದು ನಂಬಿ ಮನುಷ್ಯನನ್ನು ಕೂರಿಸಲಾಗದು. ಬೆಂಗಳೂರಿನವರು ಮರದಲ್ಲಿ ಪೂರ್ಣ ಅಳತೆಯ ಮಾರುತವನ್ನೇ ಕಟ್ಟಿದ್ದರ ಹಿಂದೆ ಈ ಲೆಕ್ಕವಿತ್ತು.

ಆ ಕಾರ್ಖಾನೆಯ ಬೇರು ನಮ್ಮ ಮುಂಬಯಿಯಲ್ಲೇ ಇದೆ. ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಹಡಗು, ಕಟ್ಟಡಗಳ ಉದ್ಯಮ ಬೆಳೆಸಿದ ವಾಲಚಂದ್ ಹೀರಾಚಂದ್ ಅವರಿಗೆ ವಿಮಾನ ಕಾರ್ಖಾನೆಯ ಕನಸಿತ್ತು. ಅಮೆರಿಕದ ವಿಲಿಯಂ ಪಾಲಿ ಅವರ ನೆರವು ದೊರೆಯಿತು. ಜಾಗ ಮತ್ತು ಬಂಡವಾಳದೊಂದಿಗೆ ಮೈಸೂರು ಸಂಸ್ಥಾನ ಮುಂದೆ ಬಂತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಇಂದಿನ ಎಚ್‌ಎಎಲ್. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. ಯುದ್ಧ ಏಷ್ಯಾಕ್ಕೆ ಹಬ್ಬಿದಾಗ ಕಾರ್ಖಾನೆ ಸರಕಾರದ ಕೈಗೆ ಹೋಯಿತು. ಹೊಸ ವಿಮಾನ ಕಟ್ಟುವ ಕನಸು ಬದಿಗೆ ಸರಿದು, ಮಿತ್ರಪಡೆಗಳ ಕೆಟ್ಟ ವಿಮಾನಗಳನ್ನು ರಿಪೇರಿ ಮಾಡುವುದೇ ಮುಖ್ಯ ಕೆಲಸವಾಯಿತು.

ಆ ರಿಪೇರಿಯ ಕಲಿಕೆ ವ್ಯರ್ಥವಾಗಲಿಲ್ಲ. ಯುದ್ಧ ಮುಗಿದಾಗ ಅಮೆರಿಕದಿಂದ ಎರವಲಾಗಿ ಬಂದಿದ್ದ ಹತ್ತಾರು ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಉಳಿದಿದ್ದವು. ಯಾರೂ ಮತ್ತೆ ಬಳಸಬಾರದೆಂದು ಬ್ರಿಟಿಷ್ ವಾಯುಪಡೆ ಅವುಗಳನ್ನು ಬೇಕೆಂದೇ ಹಾಳುಗೆಡವಿ ಹೋಗಿತ್ತು. ಸ್ವತಂತ್ರ ಭಾರತಕ್ಕೆ ಬಾಂಬರ್ ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಕೆಲಸಗಾರರು ಗುಜರಿಯಾಗಿ ಬಿದ್ದಿದ್ದ ಆ ವಿಮಾನಗಳನ್ನು ಹೇಗೋ ಒಂದು ಸಲ ಹಾರುವಷ್ಟು ಸರಿಪಡಿಸಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಲಾಯಿತು. ಸುಮಾರು 40 ಲಿಬರೇಟರ್‌ಗಳು ಹೀಗೆ ಮರುಜೀವ ಪಡೆದವು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಆರಂಭವಾಯಿತು. 1968ರ ಕೊನೆಯವರೆಗೂ ಲಿಬರೇಟರ್‌ಗಳು ಸೇವೆಯಲ್ಲಿದ್ದವು. ಇಂದು ಅಮೆರಿಕ, ಬ್ರಿಟನ್, ಕೆನಡಾ ದೇಶಗಳ ಮ್ಯೂಸಿಯಂಗಳಲ್ಲಿ ಭಾರತದಿಂದ ಹೋದ ಲಿಬರೇಟರ್‌ಗಳನ್ನು ನೋಡಬಹುದು. ಗುಜರಿಗೆ ಹಾಕಿದವರೇ ಕೊನೆಗೆ ನಮ್ಮಿಂದ ಕೇಳಿ ಪಡೆಯಬೇಕಾಯಿತು.

ಹಳೆಯದನ್ನು ಬಿಚ್ಚಿ ಕಟ್ಟಿದ ಕೈಗಳು ಹೊಸದಕ್ಕೂ ಸಿದ್ಧವಾದವು. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತು ಬಂದ ಡಾ. ವಿ. ಎಂ. ಘಾಟಗೆ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಮುಂದಿನ ಗುರಿ ಶಬ್ದಕ್ಕಿಂತ ವೇಗದ ಜೆಟ್. ಅದಕ್ಕಾಗಿ 1956ರಲ್ಲಿ ಬೆಂಗಳೂರಿಗೆ ಬಂದವರು ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದ ಜರ್ಮನಿಯ ಹೆಸರಾಂತ ಫಾಕ್-ವುಲ್ಫ್ 190 ವಿಮಾನವನ್ನು ರೂಪಿಸಿದವರು ಅವರು. ಯುದ್ಧದ ನಂತರ ಅರ್ಜೆಂಟೀನಾದಲ್ಲಿ ದುಡಿದಿದ್ದರು. ಅವರೊಂದಿಗೆ ಕೆಲವು ಜರ್ಮನ್ ಎಂಜಿನಿಯರರೂ ಬಂದರು. ನಮ್ಮ ಯುವ ಎಂಜಿನಿಯರರು ಅವರ ಜೊತೆ ಕೂತು ಕಲಿಯತೊಡಗಿದರು.

ಕೊರತೆ ಇದ್ದದ್ದು ಪರೀಕ್ಷೆಯ ಸಾಧನಗಳಲ್ಲಿ. ಹೊಸ ವಿಮಾನದ ಆಕಾರವನ್ನು ಸಾಮಾನ್ಯವಾಗಿ ವಿಂಡ್ ಟನಲ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಬೀಸುವ ಸುರಂಗದಲ್ಲಿ, ಸಣ್ಣ ಮಾದರಿ ಇಟ್ಟು ನೋಡುತ್ತಾರೆ. ಶಬ್ದವೇಗವನ್ನು ಮೀರಿದ ಗಾಳಿಯ ದೊಡ್ಡ ಸುರಂಗ ಆಗ ನಮ್ಮಲ್ಲಿರಲಿಲ್ಲ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಸ್ಥಾಪನೆಯಾದದ್ದೇ 1959ರಲ್ಲಿ. ಬೆಂಗಳೂರಿನಲ್ಲಿ ಅದರ 1.2 ಮೀಟರಿನ ಸುರಂಗ ಕೆಲಸ ಆರಂಭಿಸಿದ್ದು 1967ರಲ್ಲಿ. ಅಷ್ಟು ಕಾಯುವಂತಿರಲಿಲ್ಲ.

ಹಾಗಾಗಿ ಮರದ ಮಾರುತ ಕಟ್ಟಿದರು. ಅದರ ಹೆಸರು ಎಕ್ಸ್-241. ಉದ್ದ, ರೆಕ್ಕೆಯ ಬಾಗು, ಬಾಲ ಎಲ್ಲವೂ ಮುಂದೆ ಬರಲಿರುವ ಲೋಹದ ವಿಮಾನದ ಅಳತೆಯೇ. ಇಬ್ಬರು ಕೂರುವ ಜಾಗವಿತ್ತು. ಮಡಚುವ ಚಕ್ರಗಳು, ರೆಕ್ಕೆಯ ಫ್ಲ್ಯಾಪ್‌ಗಳು, ವೇಗ ತಗ್ಗಿಸುವ ಬ್ರೇಕ್‌ಗಳು ನಿಜವಾದ ವಿಮಾನದಂತೆ ಹೈಡ್ರಾಲಿಕ್ ಒತ್ತಡದಿಂದ ಕೆಲಸ ಮಾಡುತ್ತಿದ್ದವು. ಇಲ್ಲದಿದ್ದದ್ದು ಎಂಜಿನ್ ಮಾತ್ರ. 1959ರಲ್ಲಿ ಒಂದು ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದು ಮೇಲಕ್ಕೇರಿಸಿತು. ಎತ್ತರದಲ್ಲಿ ಹಗ್ಗ ಬಿಟ್ಟಾಗ ಮರದ ಮಾರುತ ತಾನಾಗಿ ತೇಲುತ್ತ ಇಳಿಯಿತು. ಎಂಜಿನ್ನಿಲ್ಲದ ಗ್ಲೈಡರಿಗೆ ತಪ್ಪಿದರೆ ಇನ್ನೊಂದು ಸುತ್ತು ಹಾಕುವ ಅವಕಾಶವಿಲ್ಲ. ಇಳಿಯುವುದು ಒಂದೇ ಸಲ, ಸರಿಯಾಗಿಯೇ ಇಳಿಯಬೇಕು. ಹೀಗೆ ಹತ್ತಾರು ಬಾರಿ ಹಾರಿ, ಮೂಗಿನ ಚಕ್ರ ಕೆಳಗಿಳಿಯದೆ ಒಂದು ಸಲ ನೆಲಕ್ಕೆ ತಾಗಿ ಬಹಳಷ್ಟು ಜಖಂ ಆಗುವವರೆಗೂ ಅದು ಕೆಲಸ ಮಾಡಿತು. ಅಷ್ಟರಲ್ಲಿ ಕಡಿಮೆ ವೇಗದಲ್ಲಿ ಈ ಆಕಾರ ಹೇಗೆ ನಡೆದುಕೊಳ್ಳುತ್ತದೆ, ಇಳಿಯುವಾಗ ಪೈಲಟಿನ ಮಾತು ಎಷ್ಟು ಕೇಳುತ್ತದೆ ಎಂಬುದು ತಿಳಿದುಹೋಗಿತ್ತು.

1961ರ ಜೂನ್ 17ರಂದು ಲೋಹದ ಮಾರುತ ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಒಂದು ವಾರದ ನಂತರ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಜನರೆದುರು ಹಾರಾಟ ನಡೆಯಿತು. ಆಕಾರದ ಬಗ್ಗೆ ಮರದ ಮಾದರಿ ಹೇಳಿದ್ದು ಸುಳ್ಳಾಗಲಿಲ್ಲ. ಹಾರಿಸಿದವರು ಅದರ ನಯವಾದ ನಡೆಯನ್ನು ಮೆಚ್ಚಿದರು. ಸಾಲದೆ ಹೋದದ್ದು ಎಂಜಿನ್. ಶಬ್ದದ ಎರಡರಷ್ಟು ವೇಗಕ್ಕೆಂದು ರೂಪಿಸಿದ ಒಡಲಿಗೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಬೆಳೆಸಲು ಹಣ ಹಂಚಿಕೊಳ್ಳಲು ನಾವು ಒಪ್ಪಲಿಲ್ಲ. ಈಜಿಪ್ಟಿನ ಎಂಜಿನ್ ಅಳವಡಿಸಿ ನೋಡಿದ್ದೂ ಕೈಗೂಡಲಿಲ್ಲ. ಸಣ್ಣ ನ್ಯಾಟ್ ವಿಮಾನಕ್ಕೆ ಬಳಸುವ ಆರ್ಫಿಯಸ್ ಎಂಜಿನ್ನನ್ನೇ ಎರಡೆರಡು ಕೂರಿಸಿ ಮಾರುತವನ್ನು ಹಾರಿಸಬೇಕಾಯಿತು. ಎಂಜಿನ್ನಿಗೆ ಬಲ ಹೆಚ್ಚಿಸುವ ಪ್ರಯತ್ನದಲ್ಲಿದ್ದಾಗಲೇ, 1970ರ ಜನವರಿ 10ರಂದು, ಪರೀಕ್ಷಾ ಹಾರಾಟದ ಅವಘಡದಲ್ಲಿ ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನ ಎಚ್‌ಎಎಲ್ ಬಳಿ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದ್ದೆಂದು ಗೊತ್ತು?

ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ನೆಲದ ಗುರಿಗಳ ಮೇಲೆ ದಾಳಿ ಮಾಡಿದವು. ಒಂದು ಎಂಜಿನ್ ಗುಂಡೇಟಿಗೆ ಕೆಟ್ಟರೂ ಇನ್ನೊಂದರ ಬಲದಲ್ಲೇ ಮರಳಿ ಬಂದ ಉದಾಹರಣೆಗಳಿವೆ. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು. ಈಗ ವರ್ಲಿಯಲ್ಲಿ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ, ದೂರದ ಜರ್ಮನಿಯ ಮ್ಯೂನಿಕ್ ಬಳಿಯ ಮ್ಯೂಸಿಯಂನಲ್ಲಿ ಮಾರುತಗಳು ನಿಂತಿವೆ. ಹಾರುವ ಮಾರುತ ಒಂದೂ ಇಲ್ಲ.

ಹಳೆಯ ವಿಮಾನವನ್ನು ಮತ್ತೆ ಹಾರಿಸಲಾಗದೆಂದಲ್ಲ. ಮರದ ಮಾರುತವನ್ನು ಎಳೆದೊಯ್ದ ಡಕೋಟಾದ ಜಾತಿಯದೇ ಒಂದು ವಿಮಾನವನ್ನು ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಒಪ್ಪಿಸಿದರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಆ ವಿಮಾನಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟಿದ್ದಾರೆ. ಆದರೆ ಡಕೋಟಾದ ಬಿಡಿಭಾಗಗಳು ಲೋಕದಲ್ಲಿ ಇನ್ನೂ ಸಿಗುತ್ತವೆ. ಬೆಂಗಳೂರಿನಲ್ಲಿ ಮಾತ್ರ ತಯಾರಾದ ಮಾರುತಕ್ಕೆ ಆ ಭಾಗ್ಯವಿಲ್ಲ. ಅದು ಮತ್ತೆ ಆಕಾಶ ಕಾಣಬೇಕಾದರೆ ಉಳಿದಿರುವ ದಾರಿ ಮಾದರಿಯೊಂದೇ. ಮಾದರಿಯಿಂದ ಶುರುವಾದ ಕಥೆ ಮಾದರಿಗೇ ಬಂದು ನಿಂತಿದೆ.

ಈ ಕೆಲಸ ಗಂಡುಮಕ್ಕಳಿಗೆ ಮಾತ್ರ ಎಂದು ಯಾರೂ ತಿಳಿಯಬೇಕಿಲ್ಲ. ಎನ್‌ಸಿಸಿಯ ಏರ್ ವಿಂಗ್‌ನಲ್ಲಿ ವಿಮಾನ ಮಾದರಿ ಕಟ್ಟುವುದು, ಹಾರಿಸುವುದು ತರಬೇತಿಯ ಭಾಗ. ಅಲ್ಲಿ ಹುಡುಗಿಯರೂ ಇದ್ದಾರೆ. ಅಳತೆ ತಪ್ಪದೆ ಕತ್ತರಿಸುವುದು, ಬಟ್ಟೆಗೆ ಸುಕ್ಕು ಬೀಳದಂತೆ ಹೊದಿಸುವುದು, ಬಿದ್ದು ಮುರಿದದ್ದನ್ನು ತಾಳ್ಮೆಯಿಂದ ಜೋಡಿಸಿ ಒಳಗೆಲ್ಲೂ ಬಿರುಕು ಉಳಿದಿಲ್ಲವೆಂದು ನೋಡಿಕೊಳ್ಳುವುದು, ಇವು ಹೊಲಿಗೆ, ಕಸೂತಿ ಬಲ್ಲ ಮನೆಗಳಿಗೆ ಹೊಸ ವಿದ್ಯೆಯಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಜೋಗೇಶ್ವರಿಯಿಂದ ಜುಹೂ, ಸಾಂತಾಕ್ರೂಜ್ ವಿಮಾನ ನಿಲ್ದಾಣಗಳು ಹತ್ತಿರ. ನಮ್ಮ ಮೈದಾನಗಳಲ್ಲಾಗಲಿ ಟೆರೇಸಿನ ಮೇಲಾಗಲಿ ಅನುಮತಿಯಿಲ್ಲದೆ ರಿಮೋಟ್ ವಿಮಾನ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳು ಹವ್ಯಾಸದ ಮಾದರಿಗಳಿಗೆ 25 ಕಿಲೋ ಮಿತಿ ಇಟ್ಟಿವೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕೆನ್ನುತ್ತವೆ. ಕಟ್ಟುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಕನ್ನಡದಲ್ಲಿ ಮಾರುತ ಎಂದರೆ ಗಾಳಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ವರ್ಲಿಗೆ ಕರೆದುಕೊಂಡು ಹೋದಾಗ ಆ ವಿಮಾನದ ಬಳಿ ಐದು ನಿಮಿಷ ಹೆಚ್ಚು ನಿಲ್ಲೋಣ. ಇದನ್ನು ಕಟ್ಟುವ ಮೊದಲು ನಮ್ಮೂರಿನವರು ಇಷ್ಟೇ ದೊಡ್ಡದನ್ನು ಮರದಲ್ಲಿ ಕಟ್ಟಿ, ಎಂಜಿನ್ ಇಲ್ಲದೆ ಹಾರಿಸಿ ಕಲಿತರು ಎಂದು ಹೇಳೋಣ. ಫೋಟೊ ಆಮೇಲೂ ತೆಗೆಯಬಹುದು.