ಕಣ್ಣುಗೂಡಿನ ಇರಿಗಾಯ ಮತ್ತು ದೃಷ್ಟಿನಾಶ: ಚಿಕಿತ್ಸೆಯ ಚರಿತ್ರೆ

ಕಣ್ಣುಗುಡ್ಡೆ, ಅದನ್ನು ಹೊರಳಿಸುವ ಸ್ನಾಯುಗಳು, ರಕ್ತನಾಳಗಳು ಮತ್ತು ದೃಷ್ಟಿನರ ಇವೆಲ್ಲ ಅಡಗಿರುವ ಕಣ್ಣುಗೂಡು ಸುಮಾರು 30 ಮಿ.ಲೀ. ಗಾತ್ರದ ಮೂಳೆಯ ಕುಳಿ. ಅದರ ಚಾವಣಿ ತೆಳು, ಅದರಾಚೆಗೆ ಮಿದುಳು. ಹೀಗಾಗಿ ಬಾಣ, ಕಡ್ಡಿ, ಚಾಕು ಹೊಕ್ಕಾಗ ರೆಪ್ಪೆಯ ಮೇಲೆ ಕಾಣುವ ಸಣ್ಣ ಗಾಯಕ್ಕೂ ಒಳಗಾದ ಹಾನಿಗೂ ತಾಳೆಯಾಗದಿರಬಹುದು. ಇಂಥ ಗಾಯಗಳ ಚಿಕಿತ್ಸೆಯ ದಿಕ್ಕು ಬದಲಿಸಿದ್ದು ಶಸ್ತ್ರದ ಕೈಚಳಕಕ್ಕಿಂತ ಹೆಚ್ಚಾಗಿ, ಒಳಗಿನ ಹಾನಿಯನ್ನು ಗುರುತಿಸುವ ಬಗೆ. ಕೈಚಳಕಕ್ಕೆ ಹಿಂದೆಯೂ ಕೊರತೆಯಿರಲಿಲ್ಲ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಮೆಥೋನೆಯ ಮುತ್ತಿಗೆಯಲ್ಲಿ ಮ್ಯಾಸಿಡೋನಿಯಾದ ದೊರೆ ಎರಡನೆಯ ಫಿಲಿಪ್ಪನ ಬಲಗಣ್ಣಿಗೆ ಬಾಣ ನೆಟ್ಟಿತು. ಮುಖ ವಿಕಾರವಾಗದಂತೆ ಅದನ್ನು ಕಿತ್ತ ಕೀರ್ತಿಯನ್ನು ರೋಮಿನ ಪ್ಲಿನಿ ವೈದ್ಯ ಕ್ರಿಟೊಬುಲಸನಿಗೆ ಕೊಡುತ್ತಾನೆ. ಮುಖ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಹುಬ್ಬಿನ ಗಾಯದಿಂದಲೂ ನೋಟ ಮಂಕಾಗುವುದನ್ನು ಹಿಪೊಕ್ರಟಿಸ್ ಪರಂಪರೆಯ ಬರಹಗಳು ಗುರುತಿಸಿದ್ದವು. ಕಾರಣ ಮಾತ್ರ ಕೈಗೆ ಸಿಕ್ಕಿರಲಿಲ್ಲ.

1559ರ ಜೂನ್ 30ರಂದು ಪ್ಯಾರಿಸಿನ ಭರ್ಜಿ ಕಾಳಗದಲ್ಲಿ ಮುರಿದ ಭರ್ಜಿಯ ಸಿಬಿರುಗಳು ಫ್ರಾನ್ಸಿನ ಎರಡನೆಯ ಹೆನ್ರಿಯ ಬಲಗಣ್ಣಿನ ಬಳಿ ಹೊಕ್ಕವು. ಆ ಕಾಲದ ಅತಿ ನುರಿತ ಕೈಗಳಾದ ಆಂಬ್ರ್ವಾಸ್ ಪಾರೆ ಮತ್ತು ವೆಸಾಲಿಯಸ್ ಇಬ್ಬರೂ ಹಾಸಿಗೆಯ ಬಳಿಯಿದ್ದರು. ಜುಲೈ 10ರಂದು ದೊರೆ ತೀರಿಕೊಂಡ. ಪೆಟ್ಟು ಬಿದ್ದ ಕಡೆಗೆ ಎದುರಾಗಿ, ತಲೆಯ ಹಿಂಭಾಗದಲ್ಲಿ ಪೊರೆಗಳ ನಡುವೆ ರಕ್ತ ನಿಂತು ಮಿದುಳು ಕೆಟ್ಟಿದ್ದುದು ಶವಪರೀಕ್ಷೆಯಲ್ಲಿ ತಿಳಿಯಿತು. ಬದುಕಿದ್ದವನ ತಲೆಯೊಳಗೆ ಅದನ್ನು ಕಾಣುವ ದಾರಿ ಅವರಿಗಿರಲಿಲ್ಲ. ಆ ದಾರಿ ತೆರೆದದ್ದು 1895ರ ಎಕ್ಸ್-ರೇ, ಆಮೇಲೆ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ನಡೆದ ಸಿ.ಟಿ. ಸ್ಕ್ಯಾನ್. ಅದರಲ್ಲೂ ಎಚ್ಚರ ಬೇಕು: ಒಣಮರದ ಚೂರು ಸಿ.ಟಿ.ಯಲ್ಲಿ ಗಾಳಿಯಂತೆ ಕಪ್ಪಾಗಿ ಕಂಡು ಮೋಸಮಾಡುತ್ತದೆ. ಕಬ್ಬಿಣದ ಚೂರಿನ ಶಂಕೆಯಿದ್ದರೆ ಎಂ.ಆರ್.ಐ. ಕೂಡದು, ಕಾಂತದ ಸೆಳೆತಕ್ಕೆ ಚೂರು ಜರುಗಬಹುದು.

ಗಾಯಾಳುಗಳನ್ನು ಉಳಿಸಿದ್ದು ಸೋಂಕುನಿವಾರಕಗಳು ಮತ್ತು ಪ್ರತಿಜೀವಕಗಳಲ್ಲವೇ ಎಂದು ಕೇಳಬಹುದು. ಜೀವ ಉಳಿಸಿದ್ದು ಅವೇ, ನಿಜ. ಆದರೆ ತುಂಡಾದ ದೃಷ್ಟಿನರವನ್ನು ಅವು ಬೆಸೆಯಲಾರವು. ಹಾಗಿದ್ದರೆ ಹಾನಿಯನ್ನು ಗುರುತಿಸಿ ತಾನೇ ಏನು ಫಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಉತ್ತರವಿಷ್ಟೆ: ಎಲ್ಲ ಕುರುಡೂ ನರ ತುಂಡಾಗಿ ಬಂದದ್ದಲ್ಲ. ಗೂಡಿನೊಳಗೆ ರಕ್ತ ತುಂಬಿ ಒತ್ತಡ ಏರಿದರೆ ಅಕ್ಷಿಪಟಕ್ಕೆ ಹರಿಯುವ ರಕ್ತ ನಿಲ್ಲುತ್ತದೆ. ಮಂಗಗಳ ಮೇಲಿನ ಪ್ರಯೋಗಗಳಲ್ಲಿ ಅಕ್ಷಿಪಟ ಈ ಸ್ಥಿತಿಯನ್ನು ತಾಳಿದ್ದು ಸುಮಾರು ಒಂದೂವರೆ ಗಂಟೆ. ಅಷ್ಟರೊಳಗೆ ಕಣ್ಣಿನ ಹೊರಮೂಲೆಯನ್ನು ಕತ್ತರಿಸಿ ಒತ್ತಡ ಇಳಿಸಿದರೆ ನೋಟ ಮರಳುವ ಆಸೆಯುಂಟು. ಕಾರಣ ಬೇರ್ಪಡಿಸದೆ ಎಲ್ಲರಿಗೂ ಒಂದೇ ಮದ್ದು ಕೊಡುವುದು ಅಪಾಯಕಾರಿ: ತಲೆಪೆಟ್ಟಿನವರಿಗೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಸಾವು ಹೆಚ್ಚುತ್ತದೆಂದು 2004ರಲ್ಲಿ ಪ್ರಕಟವಾದ ಕ್ರ್ಯಾಶ್ ಅಧ್ಯಯನ ತೋರಿಸಿತು. ಮೊದಲು ಹಾನಿಯನ್ನು ಗುರುತಿಸಬೇಕಾದ್ದರಿಂದಲೇ ಇಂದಿನ ಕ್ರಮದಲ್ಲಿ ಚುಚ್ಚಿದ ವಸ್ತುವನ್ನು ಸ್ಥಳದಲ್ಲೇ ಕೀಳುವುದಿಲ್ಲ. ಒಂದೊಂದು ಕಣ್ಣಿನ ನೋಟವನ್ನೂ ಟಾರ್ಚ್ ಬೆಳಕಿಗೆ ಪಾಪೆ ಕುಗ್ಗುವ ಬಗೆಯನ್ನೂ ನೋಡಿ, ಸ್ಕ್ಯಾನ್ ಆದಮೇಲೆಯೇ ಅದನ್ನು ತೆಗೆಯುತ್ತಾರೆ.