ತಪ್ಪಿಸಿಕೊಳ್ಳುವಿಕೆಯ ಮಾತುಗಳು: 'ಅವಾಯ್ಡ್' ಎಂಬ ಪದದ ಪೂರ್ವೋತ್ತರ

ಇಂಗ್ಲೀಷಿನಲ್ಲಿ ದಿನಬಳಕೆಯ ಮಾತಾಗಿರುವ 'ಅವಾಯ್ಡ್' ಎಂಬ ಕ್ರಿಯಾಪದಕ್ಕೆ ನಿಘಂಟುಗಳು ಕೊಡುವ ಪರ್ಯಾಯಪದಗಳು ಅನೇಕ. ಇವೇಡ್, ಎಲ್ಯೂಡ್, ಎಸ್ಕೇಪ್, ಶನ್, ಷರ್ಕ್, ಡಾಡ್ಜ್ ಮೊದಲಾದುವೆಲ್ಲ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತವೆ. ಕನ್ನಡಕ್ಕೆ ತರುವವರು ಇವೆಲ್ಲಕ್ಕೂ 'ತಪ್ಪಿಸಿಕೊಳ್ಳು' ಎಂಬ ಒಂದೇ ಮಾತನ್ನು ಇಟ್ಟು ಮುಂದುವರಿಯುವುದುಂಟು. 1816ರಲ್ಲಿ ಜಾರ್ಜ್ ಕ್ರ್ಯಾಬ್ ಎಂಬ ವಿದ್ವಾಂಸನು ಪ್ರಕಟಿಸಿದ ಗ್ರಂಥದ ಉದ್ದೇಶವು ಸಮಾನಾರ್ಥಕಗಳೆನಿಸಿದ ಶಬ್ದಗಳೊಳಗಣ ಭೇದವನ್ನು ಎತ್ತಿ ತೋರಿಸುವುದಾಗಿತ್ತು. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು ಹೊರತಂದ 'ಥೆಸಾರಸ್' ಅಂಥ ಶಬ್ದಗಳನ್ನು ಅರ್ಥಾನುಸಾರವಾಗಿ ಗುಂಪುಗೂಡಿಸಿತು. ಒಬ್ಬನು ಬಿಡಿಸಿದನು, ಇನ್ನೊಬ್ಬನು ಕೂಡಿಸಿದನು. ಬಿಡಿಸುವ ಕೆಲಸವು ಪಂಡಿತರ ವಿನೋದವೆಂದು ತೋರಬಹುದಾದರೂ, ನ್ಯಾಯಸ್ಥಾನದಲ್ಲಿ ಈ ಭೇದದ ಮೇಲೆಯೇ ಒಬ್ಬನ ನಿರಪರಾಧಿತ್ವವೂ ಮತ್ತೊಬ್ಬನ ಸೆರೆವಾಸವೂ ನಿಂತಿರುವುದರಿಂದ, ಇದರ ಚರಿತ್ರೆಯನ್ನು ಅರಿಯುವುದು ಅವಶ್ಯಕ.

'ಅವಾಯ್ಡ್' ಶಬ್ದವು ಹುಟ್ಟಿನಿಂದ ಇಂಗ್ಲೀಷಲ್ಲ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಯ ಆಸ್ಥಾನದಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಬಳಕೆಗೆ ಬಂದ ಫ್ರೆಂಚಿನ ಮೂಲಕ ಅದು ಒಳಹೊಕ್ಕಿತು. ಅದರ ಮೂಲಾರ್ಥ 'ಬರಿದುಮಾಡು' ಎಂದು. ಬರಿದು ಎಂಬರ್ಥದ 'ವಾಯ್ಡ್' ಅದರ ಒಡಹುಟ್ಟು. ಹದಿನಾಲ್ಕನೆಯ ಶತಮಾನದಲ್ಲಿ ಈ ಪದವನ್ನು ಪಾತ್ರೆಯನ್ನು ಬರಿದುಮಾಡುವುದಕ್ಕೂ ಸ್ಥಳವನ್ನು ತೆರವುಮಾಡುವುದಕ್ಕೂ ಪ್ರಯೋಗಿಸುತ್ತಿದ್ದರು. ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕದಲ್ಲಿ ಪ್ರಾಸ್ಪೆರೋ ತನ್ನ ಮಾಯಾಭೂತಗಳನ್ನು ರಂಗದಿಂದ ಕಳುಹಿಸುವುದು ಈ ಮಾತಿನಿಂದಲೇ. ಅಲ್ಲಿ ಅದಕ್ಕೆ 'ಹೊರಟುಹೋಗಿ' ಎಂದಷ್ಟೇ ಅರ್ಥ. 1611ರ ಬೈಬಲ್ ಭಾಷಾಂತರದಲ್ಲಿ ಸೌಲ ರಾಜನು ಈಟಿಯನ್ನೆಸೆದಾಗ ದಾವೀದನು ಎರಡು ಸಲ ಅವನೆದುರಿನಿಂದ ಸರಿದುಹೋದುದನ್ನು ಹೇಳುವಲ್ಲಿಯೂ ಇದೇ ಪದವಿದೆ. ಸ್ಥಳವನ್ನು ಬಿಟ್ಟವನು ಅಪಾಯದಿಂದಲೂ ಪಾರಾದನು. ಎರಡರ್ಥಗಳೂ ಇಲ್ಲಿ ಒಂದನ್ನೊಂದು ಮುಟ್ಟುತ್ತವೆ. 'ದೂರವಿಡು' ಎಂಬರ್ಥವುಳ್ಳ 'ಎವಿಟೇರ್' ಎಂಬ ಲ್ಯಾಟಿನ್ ಧಾತುವಿನಿಂದ ಬಂದ ಫ್ರೆಂಚ್ ಪದದ ಹೋಲಿಕೆಯೂ ಇದರೊಡನೆ ಬೆರೆತು, 'ತಪ್ಪಿಸು' ಎಂಬ ಅರ್ಥವು ಗಟ್ಟಿಯಾಯಿತೆಂದು ಶಬ್ದಶಾಸ್ತ್ರಜ್ಞರು ಎಣಿಸುವರು.

ಇದರ ಜೊತೆಗಾರ ಪದಗಳ ಮೂಲವನ್ನು ನೋಡಿದರೆ ಒಂದೊಂದರಲ್ಲಿಯೂ ಒಂದು ಚಿತ್ರವು ಅಡಗಿರುವುದು. 'ಇವೇಡ್' ಎಂದರೆ ಹೊರಗೆ ನಡೆದುಹೋಗುವುದು. 'ಎಲ್ಯೂಡ್' ಎಂಬುದು 'ಆಡು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು; ಹಿಡಿಯಬಂದವನನ್ನು ಆಟವಾಡಿಸಿ ಕೈಗೆ ಸಿಕ್ಕದೆ ಹೋಗುವುದು ಅದರ ಭಾವ. 'ಎಸ್ಕೇಪ್' ಎಂಬುದರ ಮೂಲದಲ್ಲಿರುವುದು ಮೇಲುಹೊದಿಕೆ: ಬೆನ್ನಟ್ಟಿದವನ ಕೈಯಲ್ಲಿ ಹೊದಿಕೆಯನ್ನು ಬಿಟ್ಟು ಓಡಿದವನ ಚಿತ್ರವದು. 'ಶನ್' ಎಂಬುದು ಪ್ರಾಚೀನ ಇಂಗ್ಲೀಷಿನದೇ ಪದ. 'ಷರ್ಕ್' ಎಂಬುದು ಹದಿನೇಳನೆಯ ಶತಮಾನದಲ್ಲಿ ಪರರ ಅನ್ನದ ಮೇಲೆ ಬದುಕುವ ಠಕ್ಕನಿಗೆ ಹೆಸರಾಗಿದ್ದು, ಆಮೇಲೆ ಕರ್ತವ್ಯದಿಂದ ನುಣುಚಿಕೊಳ್ಳುವ ಕ್ರಿಯೆಗೆ ನಿಂತಿತು. ಕನ್ನಡದ 'ಮೈಗಳ್ಳ'ನು ಅದಕ್ಕೆ ಸರಿಜೋಡಿ. ಈ ಕೊನೆಯದೊಂದರ ಹೊರತು ಉಳಿದ ಪದಗಳ ಮೂಲದಲ್ಲಿ ದೋಷದ ಸೋಂಕು ಕಾಣುವುದಿಲ್ಲ. ನಡೆಯುವುದು, ಆಡುವುದು, ಹೊದಿಕೆ ಕಳಚುವುದು, ಇವು ಪಾಪವೂ ಅಲ್ಲ, ಪುಣ್ಯವೂ ಅಲ್ಲ. ದೋಷದ ವಿಚಾರವು ಇವುಗಳಿಗೆ ಅಂಟಿಕೊಂಡುದು ಮುಖ್ಯವಾಗಿ ಕಾಯಿದೆಯ ಮೂಲಕವಾಗಿ, ಅದರಲ್ಲಿಯೂ ತೆರಿಗೆಯ ಮೂಲಕವಾಗಿ.

ಇಂಗ್ಲೆಂಡಿನಲ್ಲಿ ಮೂರನೆಯ ವಿಲಿಯಮನ ಕಾಲದಲ್ಲಿ, 1696ರಲ್ಲಿ, ಮನೆಯ ಕಿಟಕಿಗಳ ಮೇಲೆ ತೆರಿಗೆಯನ್ನು ಹಾಕಿದರು. ಮನೆಯೊಳಹೊಕ್ಕು ಆಸ್ತಿಯನ್ನು ಶೋಧಿಸುವ ಕಾರಣವಿಲ್ಲದೆ, ಬೀದಿಯಲ್ಲಿ ನಿಂತು ಕಿಟಕಿಗಳನ್ನೆಣಿಸಿದರೆ ತೆರಿಗೆ ಎಷ್ಟೆಂಬುದು ತಿಳಿಯುವಂತಿತ್ತು. ಪ್ರತಿಯೊಂದು ಮನೆಗೂ 2 ಶಿಲಿಂಗು. ಕಿಟಕಿಗಳು 10ಕ್ಕೆ ಏರಿದರೆ ಅದರ ಮೇಲೆ ಹೆಚ್ಚಿನ ತೆರಿಗೆ. ಇದರ ಫಲವಾಗಿ ಜನರು ಇಟ್ಟಿಗೆಯಿಂದ ಕಿಟಕಿಗಳನ್ನು ಮುಚ್ಚಿಸಿದರು. ಹಾಗೆ ಮುಚ್ಚಿದ ಕಿಟಕಿಗಳ ಗುರುತು ಅಲ್ಲಿಯ ಹಳೆಯ ಮನೆಗಳಲ್ಲಿ ಇಂದಿಗೂ ಕಾಣಬರುತ್ತದೆ. ಶಾಶ್ವತವಾಗಿ ಮುಚ್ಚಿಸಿದವನು ಬೆಳಕನ್ನು ಕಳೆದುಕೊಂಡು ತೆರಿಗೆಯಿಂದ ಪಾರಾದನು. ಅವನು ಮಾಡಿದುದು 'ಅವಾಯ್ಡ್'. ಎಣಿಸುವ ಅಧಿಕಾರಿ ಬರುವ ದಿನ ಮಾತ್ರ ಮುಚ್ಚಿ, ಅವನು ತಿರುಗಿದ ಮೇಲೆ ತೆರೆದವನು ಮಾಡಿದುದು 'ಇವೇಡ್'. ಹೊರಗಿನಿಂದ ನೋಡುವವನಿಗೆ ಎರಡು ಕಿಟಕಿಗಳೂ ಮುಚ್ಚಿದ ಕಿಟಕಿಗಳೇ. ಆದರೂ ಒಬ್ಬನಲ್ಲಿ ಸುಳ್ಳಿಲ್ಲ, ಇನ್ನೊಬ್ಬನಲ್ಲಿ ಸುಳ್ಳುಂಟು.

ಸುಳ್ಳಿಲ್ಲದ ಮಾತ್ರಕ್ಕೆ ಕೇಡಿಲ್ಲವೆನ್ನಲಾಗದು. ಹಳ್ಳಿಯಲ್ಲಿ 10 ಪೌಂಡು ಬಾಡಿಗೆಯ ಮನೆಗೆ ಲಂಡನ್ನಿನ 500 ಪೌಂಡು ಬಾಡಿಗೆಯ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದೆಂದೂ, ಆದುದರಿಂದ ಈ ತೆರಿಗೆಯು ಬಡವನನ್ನೇ ಹೆಚ್ಚಾಗಿ ಹಿಂಡುವುದೆಂದೂ ಆಡಂ ಸ್ಮಿತ್ತನು 1776ರಲ್ಲಿಯೇ ಆಕ್ಷೇಪಿಸಿದನು. ನಗರಗಳಲ್ಲಿ ಬಾಡಿಗೆಗೆ ಕೊಡುವ ದೊಡ್ಡ ವಠಾರಗಳ ತೆರಿಗೆಯನ್ನು ಮಾಲಿಕರು ತೆರಬೇಕಾಗಿದ್ದಿತು; ಅವರು ತಮ್ಮ ಹಣವನ್ನು ಉಳಿಸಿಕೊಳ್ಳಲು ಕಿಟಕಿಗಳನ್ನು ಮುಚ್ಚಿಸಿದರೆ, ಗಾಳಿಬೆಳಕುಗಳಿಲ್ಲದ ಕೋಣೆಗಳಲ್ಲಿ ರೋಗಕ್ಕೆ ತುತ್ತಾದವರು ಒಕ್ಕಲಿದ್ದ ಬಡವರು. ವೈದ್ಯರೂ ಸುಧಾರಕರೂ ಬಹುಕಾಲ ಕೂಗಿದ ಮೇಲೆ, 1851ರಲ್ಲಿ, ಈ ತೆರಿಗೆಯು ರದ್ದಾಯಿತು. ಕಾಯಿದೆಯು ನಿರ್ದೋಷವೆಂದ ತಪ್ಪಿಸಿಕೊಳ್ಳುವಿಕೆಯ ಬೆಲೆಯನ್ನು ಒಮ್ಮೊಮ್ಮೆ ಬೇರೆಯವರು ತೆರಬೇಕಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಭೇದವನ್ನು ನ್ಯಾಯಾಧೀಶರು ವಾಚ್ಯವಾಗಿ ಹೇಳಿದುದು ಇಪ್ಪತ್ತನೆಯ ಶತಮಾನದಲ್ಲಿ. 'ಇವೇಡ್' ಪದವು ದ್ವ್ಯರ್ಥಿಯೆಂದೂ, ಕಾಯಿದೆಯ ಎಲ್ಲೆಯ ಹೊರಗೆ ಉಳಿಯುವುದು ಒಂದಾದರೆ, ಎಲ್ಲೆಯೊಳಗೆ ಸಿಕ್ಕಿಬಿದ್ದ ಮೇಲೆ ಅದರ ಫಲದಿಂದ ಜಾರಿಕೊಳ್ಳುವುದು ಮತ್ತೊಂದೆಂದೂ 1901ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಸಭೆಯಲ್ಲಿ ವಿವರಿಸಲಾಯಿತು. 1935ರಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕನ ಮೊಕದ್ದಮೆಯು ಅದೇ ಸಭೆಗೆ ಬಂದಿತು. ಡ್ಯೂಕನು ತನ್ನ ಸೇವಕರಿಗೆ ಸಲ್ಲುವ ಹಣವನ್ನು ಒಪ್ಪಂದಪತ್ರದ ಮೂಲಕ ವರ್ಷಾಶನದ ರೂಪದಲ್ಲಿ ಕೊಟ್ಟು ತನ್ನ ತೆರಿಗೆಯನ್ನು ಕಡಿಮೆಮಾಡಿಕೊಂಡಿದ್ದನು. ಕಾಯಿದೆಗೆ ಒಳಪಟ್ಟು ತೆರಿಗೆ ಕಡಿಮೆಯಾಗುವಂತೆ ತನ್ನ ವ್ಯವಹಾರವನ್ನು ಏರ್ಪಡಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಲಾರ್ಡ್ ಟಾಮ್ಲಿನ್ ತೀರ್ಪಿತ್ತನು. ಭಾರತದಲ್ಲಿ ಈ ತತ್ತ್ವಕ್ಕೆ 1985ರಲ್ಲಿ ಪೆಟ್ಟು ಬಿದ್ದಿತು: ಮ್ಯಾಕ್ಡೊವೆಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಅದನ್ನು ಕಟುವಾಗಿ ಖಂಡಿಸಿದರು. 2012ರ ವೋಡಫೋನ್ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಮತ್ತೆ ತೆರಿಗೆದಾರನ ಪಕ್ಷಕ್ಕೆ ಒಲಿಯಿತು. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು, ತೆರಿಗೆಯ ಲಾಭವನ್ನೇ ಮುಖ್ಯ ಗುರಿಯಾಗಿ ಇಟ್ಟುಕೊಂಡ ಕೃತಕ ಏರ್ಪಾಡುಗಳಲ್ಲಿನ 'ಅವಾಯ್ಡ್' ಕ್ರಿಯೆಯನ್ನೂ ಅಗ್ರಾಹ್ಯವೆಂದು ಸಾರಿದುವು. ನಿರ್ದೋಷವೆನಿಸಿದ ಪದವೂ ಹೀಗೆ ಇಬ್ಭಾಗವಾಯಿತು.

ಇನ್ನು ಕನ್ನಡದ ಕಡೆಗೆ ತಿರುಗಿದರೆ, ಇಲ್ಲಿಯ ಮಾತಿನ ಹುಟ್ಟು ಬೇರೆ. 'ತಪ್ಪು' ಎಂದರೆ ಗುರಿ ಮುಟ್ಟದಿರುವುದೂ ಹೌದು, ಅಪರಾಧವೂ ಹೌದು. 'ತಪ್ಪಿಸಿಕೊಳ್ಳು' ಹುಟ್ಟಿದುದು ಅದರಿಂದಲೇ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆಯಲ್ಲಿ ಅದು ದಾವೀದನ ಸರಿಯುವಿಕೆಯಂತೆ ಜಾಣತನ; ಕೆಲಸದಿಂದ ತಪ್ಪಿಸಿಕೊಂಡನೆಂಬಲ್ಲಿ ನಿಂದೆ. ಒಂದೇ ಪದವು ಎರಡು ತೀರ್ಪುಗಳನ್ನೂ ಹೊತ್ತಿದೆ. ಸಂಸ್ಕೃತದಲ್ಲಿ ಬಿಟ್ಟುಬಿಡುವುದು, ದೂರವಿಡುವುದು ಎಂಬರ್ಥಗಳುಳ್ಳ 'ಪರಿಹಾರ' ಪದವೂ ಇಲ್ಲಿ ತೆರಿಗೆಯ ದಾರಿಯನ್ನು ಹಿಡಿದುದು ಗಮನಾರ್ಹ: ಕರ್ಣಾಟಕದ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು 'ಸರ್ವಬಾಧಾಪರಿಹಾರ'ವಾಗಿ ಬಿಟ್ಟರೆಂದರೆ, ತೆರಿಗೆ ಮೊದಲಾದ ಸಕಲ ಬಾಧೆಗಳಿಂದ ಅದನ್ನು ಬಿಡಿಸಿದರೆಂದು ತಾತ್ಪರ್ಯ. ಡ್ಯೂಕನು ಕಾಯಿದೆಯ ಸಂದಿನಲ್ಲಿ ಹುಡುಕಿಕೊಂಡ ವಿನಾಯಿತಿಯನ್ನು ಇಲ್ಲಿ ಅರಸನೇ ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಿಸಿ ಕೊಡುತ್ತಿದ್ದನು.

ಆದುದರಿಂದ ಕಾಯಿದೆಯ ವಿಷಯವನ್ನು ಕನ್ನಡದಲ್ಲಿ ಬರೆಯುವವರು ಎರಡು ಪದಗಳನ್ನು ಬೆರೆಸದಿರುವುದು ಕ್ಷೇಮ. 'ಇವೇಡ್' ಎಂಬಲ್ಲಿ 'ವಂಚನೆ' ಎಂದೂ, 'ಅವಾಯ್ಡ್' ಎಂಬಲ್ಲಿ 'ತಪ್ಪಿಸಿಕೊಳ್ಳುವಿಕೆ' ಎಂದೂ ಪತ್ರಿಕೆಗಳು ರೂಢಿಸಿಕೊಂಡಿರುವ ಬಳಕೆಯು ಯುಕ್ತವಾದುದು. ಕಿಟಕಿಗೆ ಇಟ್ಟಿಗೆ ಕಟ್ಟಿಸಿದವನನ್ನು ವಂಚಕನೆಂದು ಬರೆದರೆ ಅವನಿಗೆ ಅನ್ಯಾಯವಾಗುವುದು. ಹಲಗೆಯಿಟ್ಟು ತೆಗೆದವನನ್ನು ಬರಿದೆ ತಪ್ಪಿಸಿಕೊಂಡವನೆಂದು ಬರೆದರೆ ಸರಿಯಾಗಿ ತೆರಿಗೆ ತೆತ್ತ ನೆರೆಯವನಿಗೆ ಅನ್ಯಾಯವಾಗುವುದು.